ಮಗಳಿಗೆ ಎಂಟು ತಿಂಗಳು, ಸೀರಿಯಲ್‌ನಲ್ಲಿ ಪಾತ್ರ ಬಂದಿದೆ. ನಿಮ್ಮ ಅನುಭವ ಹೇಳಿ

ಶಿರಾಗೇಟ್ ಅಮ್ಮ: ಬೆಂಗಳೂರಿನಲ್ಲಿ ಶೂಟಿಂಗ್. ನಾಯಕಿಯ ಅಕ್ಕನ ಪಾತ್ರ, ತಿಂಗಳಿಗೆ 15 ದಿನ ಡೇಟ್ಸ್ ಕೇಳುತ್ತಿದ್ದಾರೆ. ಮಗು ಇನ್ನೂ ಹಾಲು ಕುಡಿಯುತ್ತಿದೆ. ಅತ್ತೆಗೆ ಮಂಡಿ ನೋವು, ಯಜಮಾನರಿಗೆ ಅಂಗಡಿ. ತುಮಕೂರಿನಿಂದ ಓಡಾಡಿ ಮಾಡಿದವರು ಇದ್ದರೆ ಹೇಳಿ.

ಕ್ಯಾತ್ಸಂದ್ರದವಳು: ನಾನು ಎರಡು ವರ್ಷ ಓಡಾಡಿದೆ. 70 ಕಿಲೋಮೀಟರ್ ತಾನೇ ಅನ್ನಿಸುತ್ತದೆ. ಏಳು ಗಂಟೆಗೆ ಕರೆದರೆ ನಾಲ್ಕೂವರೆಗೆ ಮನೆ ಬಿಡಬೇಕು. ಪ್ಯಾಕಪ್ ಆಗಿ ವಾಪಸ್ ಬರುವಾಗ ನಡುರಾತ್ರಿ. ಮಧ್ಯಾಹ್ನದ ಹೊತ್ತಿಗೆ ಹಾಲು ಕಟ್ಟಿ ಎದೆ ಕಲ್ಲಿನ ಹಾಗೆ. ಮೇಕಪ್ ರೂಮಿನಲ್ಲಿ ಕೂತು ತೆಗೆದರೆ ಇಡುವುದಕ್ಕೆ ಫ್ರಿಜ್ ಇಲ್ಲ. ಹೊರಗೆ ನಾಲ್ಕು ಗಂಟೆ ಮೀರಿ ಇಡುವಂತಿಲ್ಲ. ಬಚ್ಚಲಿಗೆ ಸುರಿದು ಅತ್ತಿದ್ದೇನೆ.

ಲೆಕ್ಕ ಕೇಳಿ. ದಿನಕ್ಕೆ 3,500, ಹದಿನೈದು ದಿನಕ್ಕೆ 52,500. ಕಾರು, ಟೋಲ್ ದಿನಕ್ಕೆ 2,200, ಅಂದರೆ 33,000. ಮಗು ನೋಡಿಕೊಳ್ಳುವವರಿಗೆ 9,000. ಸೀರೆ, ಬ್ಲೌಸ್ ನಮ್ಮದೇ, 6,000. ಉಳಿದದ್ದು 4,500, ಅದರ ಚೆಕ್ ಬಂದದ್ದು ಮೂರು ತಿಂಗಳ ಮೇಲೆ. ಹೆರಿಗೆ ರಜೆ 26 ವಾರ ಅಂತ 2017ರಲ್ಲಿ ಕಾನೂನು ಬಂತು. ದಿನದ ಲೆಕ್ಕದ ನಮಗೆ ಯಾರು ಕೊಟ್ಟರು? ಮಗಳು ಮೊದಲು 'ಅಮ್ಮ' ಅಂದದ್ದು ಆ ಕೆಲಸದವರನ್ನು. ಅವತ್ತೇ ಬಿಟ್ಟೆ.

ಗುಬ್ಬಿ ಕಡೆಯ ಕಲಾವಿದೆ: ನೀವು ಬಿಟ್ಟಿರಿ ಅಂತ ಆ ತಂಗಿಯನ್ನು ಯಾಕೆ ಹೆದರಿಸುತ್ತೀರಿ? ನಾನು ಪೌರಾಣಿಕ ನಾಟಕಕ್ಕೆ ದ್ರೌಪದಿ ಪಾತ್ರಕ್ಕೆ ಹೋಗುವವಳು. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಾಗಬೇಕು. ಮಗನನ್ನು ಸೈಡ್‌ವಿಂಗ್ ಹಿಂದೆ, ಡ್ರೆಸ್ ಟ್ರಂಕಿನ ಮೇಲೆ ಮಲಗಿಸುತ್ತಿದ್ದೆ. ಹಾರ್ಮೋನಿಯಂ ಮೇಷ್ಟ್ರ ಮನೆಯವರು ಪಕ್ಕದಲ್ಲಿ ಕೂರುತ್ತಿದ್ದರು. ಒಂದು ಸಲ ನಾನು ಕೃಷ್ಣನನ್ನು ಕರೆದು ಹಾಡುವಾಗಲೇ ಅವನು ಎದ್ದು ಅತ್ತ. ಕಂದಪದ್ಯ ಮುಗಿಸುವ ತನಕ ಒಳಗೆ ಹೋಗಲು ಆಗಲಿಲ್ಲ. ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಚಳಿ ತಗುಲಿ ನಿಮೋನಿಯಾ ಆಯಿತು. ಆರು ದಿನ ಆಸ್ಪತ್ರೆ, 18,400 ರೂಪಾಯಿ, ಆ ಸೀಸನ್ನಿನ ಅರ್ಧ ದುಡಿಮೆ. ಆದರೂ ಬಣ್ಣ ಬಿಡಲಿಲ್ಲ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಮಕ್ಕಳು ಬೆಳೆಯಲಿಲ್ಲವಾ? ರಾಜ್‌ಕುಮಾರ್ ಅವರೂ ಹುಡುಗರಾಗಿದ್ದಾಗ ತಂದೆಯ ಜೊತೆ ಅಲ್ಲೇ ಇದ್ದವರು.

ಕ್ಯಾತ್ಸಂದ್ರದವಳು: ನಿಮೋನಿಯಾ ಬರಿಸಿದ್ದನ್ನೂ ಹೆಮ್ಮೆಯಿಂದ ಹೇಳುತ್ತೀರಲ್ಲ ಅಕ್ಕಾ! ಕಂಪನಿ ಅಂದರೆ ಒಂದೇ ಸಂಸಾರದ ಹಾಗೆ. ಸೆಟ್‌ನಲ್ಲಿ ನಮಗೆ ಯಾರಿದ್ದಾರೆ?

ಗುಬ್ಬಿ ಕಡೆಯ ಕಲಾವಿದೆ: ಬರಿಸಿದೆ ಅನ್ನಬೇಡಿ. ಆ ಆರು ರಾತ್ರಿ ನಾನು ಕಣ್ಣು ಮುಚ್ಚಿಲ್ಲ.

ಎಸ್‌ಐಟಿ ಬಡಾವಣೆಯ ಅಪ್ಪ: ಬರೀ ಅಮ್ಮಂದಿರ ಮಾತೇ ಆಯಿತು. ನಾನು ಪೋಷಕ ನಟ. ಹೆಂಡತಿಗೆ ಬ್ಯಾಂಕ್ ಕೆಲಸ, ಹಾಗಾಗಿ ಮನೆಯಲ್ಲಿ ಉಳಿದವನು ನಾನು, ಎರಡೂವರೆ ವರ್ಷ. ತಿರುಗಿ ಹೋದಾಗ ಮ್ಯಾನೇಜರ್‌ಗಳು ಫೋನೇ ಎತ್ತಲಿಲ್ಲ. ಹನ್ನೊಂದು ತಿಂಗಳು ಒಂದು ಪಾತ್ರವಿಲ್ಲ. ಈಗ ಮಗನನ್ನೂ ಸೀರಿಯಲ್‌ಗೆ ಸೇರಿಸಿದ್ದೇನೆ. ಇಬ್ಬರೂ ಒಟ್ಟಿಗೆ ಹೋಗುತ್ತೇವೆ, ಒಟ್ಟಿಗೆ ಬರುತ್ತೇವೆ.

ಶೆಟ್ಟಿಹಳ್ಳಿ ಟೀಚರ್: ಎಷ್ಟನೇ ಕ್ಲಾಸು ಸರ್ ಅವನು? ಮಕ್ಕಳನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. 3 ಗಂಟೆ ಆದ ಮೇಲೆ ವಿರಾಮ ಕೊಡಲೇಬೇಕು. ಸತತ 27 ದಿನ ಮೀರುವಂತಿಲ್ಲ. ದುಡಿದದ್ದರಲ್ಲಿ ಕನಿಷ್ಠ ಶೇಕಡಾ 20 ಅವನ ಹೆಸರಿನಲ್ಲಿ ಎಫ್‌ಡಿ ಇಡಬೇಕು. ಇಂಥ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿ ಡೆಸ್ಕ್ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಏಳಿಸಲು ಮನಸ್ಸು ಬರುತ್ತಿರಲಿಲ್ಲ.

ಎಸ್‌ಐಟಿ ಬಡಾವಣೆಯ ಅಪ್ಪ: ಎಫ್‌ಡಿ ಮಾಡಿಸಿದ್ದೇನೆ ಮೇಡಂ, ರಸೀದಿ ಇದೆ. ಸೆಟ್‌ನಲ್ಲಿ ಗಂಟೆ ಯಾರು ಎಣಿಸುತ್ತಾರೆ?

ಶೆಟ್ಟಿಹಳ್ಳಿ ಟೀಚರ್: ನೀವೇ ಎಣಿಸಬೇಕು. ಅಪ್ಪ ಅಲ್ವಾ ನೀವು?

ಗುಬ್ಬಿ ಕಡೆಯ ಕಲಾವಿದೆ: ಕಾರಿಗೆ 33,000 ಸುರಿಯುವ ಬದಲು ರೈಲಿನ ಪಾಸ್ ಮಾಡಿಸಬಹುದಿತ್ತು.

ಕ್ಯಾತ್ಸಂದ್ರದವಳು: ನಾಲ್ಕೂವರೆಗೆ ಕತ್ತಲಲ್ಲಿ ಸ್ಟೇಷನ್ನಿಗೆ ಯಾರು ಬಿಡುತ್ತಿದ್ದರು? ಯಶವಂತಪುರದಲ್ಲಿ ಇಳಿದು ಮತ್ತೆ ಆಟೋ ಹಿಡಿಯಬೇಕು. ರಾತ್ರಿ ಪ್ಯಾಕಪ್ ಆದ ಮೇಲೆ ರೈಲು ನನಗಾಗಿ ಕಾಯುತ್ತಾ?

ಶಿರಾಗೇಟ್ ಅಮ್ಮ: ಸೆಟ್‌ನಲ್ಲಿ ಫ್ರಿಜ್ ಇದೆಯಾ ಅಂತ ಈಗ ಫೋನ್ ಮಾಡಿ ಕೇಳಿದೆ. 'ನೋಡೋಣ' ಅಂದರು. ನಾಳೆ ಹತ್ತು ಗಂಟೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ಕ್ಯಾತ್ಸಂದ್ರದವಳು: ನನಗೂ 'ನೋಡೋಣ' ಅಂತಲೇ ಅಂದಿದ್ದರು.