ಕಾಲೇಜು ನಿಯಮದಲ್ಲಿ ಕಿರುಕುಳ, ತಾರತಮ್ಯ: ಏನಂತ ಬರೆಯಬೇಕು?

ಪ್ರಶ್ನೆ (ಮಂಡ್ಯ): ನಮ್ಮ ಪದವಿ ಕಾಲೇಜಿನ ಕೈಪಿಡಿಯಲ್ಲಿ "ಅಸಭ್ಯ ವರ್ತನೆ ನಿಷಿದ್ಧ" ಅಂತ ಒಂದೇ ಸಾಲಿದೆ. ಈ ಸಲ ಕಿರುಕುಳ, ತಾರತಮ್ಯ ಎರಡನ್ನೂ ಬಿಡಿಸಿ ಬರೆಯಬೇಕು. ತಿಳಿದವರು ಹೇಳಿ.

ಉತ್ತರ: ಮೇಡಂ, ಮೊದಲು ಆ ಸಾಲು ತೆಗೆಯಿರಿ. ಯಾವುದು ಅಸಭ್ಯ ಅನ್ನುವುದು ದೂರು ಕೇಳುವವರ ಮರ್ಜಿಗೆ ಬಿದ್ದುಬಿಡುತ್ತದೆ. ಲೈಂಗಿಕ ಕಿರುಕುಳಕ್ಕೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಐದು ಬಗೆಗಳನ್ನೇ ಇಡಿ: ಮೈಮುಟ್ಟುವುದು ಅಥವಾ ಮೇಲೆ ಬೀಳುವುದು, ಲೈಂಗಿಕ ಬೇಡಿಕೆ, ಲೈಂಗಿಕ ಅರ್ಥದ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಇಷ್ಟವಿಲ್ಲದ ಆ ಥರದ ಬೇರೆ ಯಾವುದೇ ನಡೆ, ಸನ್ನೆ. ಕೆಳಗೆ ಉದಾಹರಣೆ ಕೊಡಿ: ಇಂಟರ್ನಲ್ಸ್ ಅಂಕದ ಆಸೆ ತೋರಿಸಿ "ಒಬ್ಬಳೇ ಲ್ಯಾಬಿಗೆ ಬಾ" ಅನ್ನುವುದು, ಬೇಡವೆಂದರೂ ರಾತ್ರಿ ವಾಟ್ಸಾಪ್ ಮಾಡುವುದು. "ಉದ್ದೇಶಪೂರ್ವಕವಾಗಿ", "ಪದೇ ಪದೇ" ಎಂಬ ಪದಗಳನ್ನು ಸೇರಿಸಲೇಬೇಡಿ. ಸೇರಿಸಿದರೆ, ಆರೋಪ ಹೊತ್ತವರು "ತಮಾಷೆಗೆ ಅಂದೆ, ಒಂದೇ ಸಲ" ಅಂದರೆ ಸಾಕು, ದೂರು ಅಲ್ಲೇ ಬಿದ್ದುಹೋಗುತ್ತದೆ.

ಉತ್ತರ: ಜಾಗವನ್ನೂ ಬರೆಯಿರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ಲೈಂಗಿಕ ಕಿರುಕುಳ ತಡೆ ನಿಯಮದಲ್ಲಿ ಕಾಲೇಜು ಬಸ್ಸು, ಪ್ರವಾಸ, ಇಂಟರ್ನ್‌ಶಿಪ್ ಎಲ್ಲವೂ ಕ್ಯಾಂಪಸ್ಸೇ. ಮದ್ದೂರಿನಿಂದ ಬರುವ ನಿಮ್ಮ ಬಸ್ಸಿನಲ್ಲಾದದ್ದಕ್ಕೆ "ಗೇಟಿನಾಚೆ ನಮಗೆ ಸಂಬಂಧವಿಲ್ಲ" ಅನ್ನುವ ಹಾಗಿಲ್ಲ. ಕಿರುಕುಳಕ್ಕೆ ಗುರಿಯಾಗಬಹುದಾದವರೆಂದು ಗಂಡುಹುಡುಗರು, ತೃತೀಯಲಿಂಗಿ ವಿದ್ಯಾರ್ಥಿಗಳನ್ನೂ ಆ ನಿಯಮ ಹೆಸರಿಸುತ್ತದೆ.

ಉತ್ತರ: ಮೊದಲ ಉತ್ತರದಲ್ಲಿ ಸರ್ ಹೇಳಿದ "ಉದ್ದೇಶ"ದ ಮಾತು ತಾರತಮ್ಯಕ್ಕೆ ಇನ್ನೂ ಮುಖ್ಯ. ಯುಜಿಸಿಯ 2012ರ ಸಮಾನತಾ ನಿಯಮ ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯ ಇವುಗಳ ಮೇಲೆ ಭೇದ ಮಾಡುವುದನ್ನು ಉದ್ದೇಶ ಅಥವಾ ಪರಿಣಾಮ, ಎರಡರಲ್ಲಿ ಒಂದಿದ್ದರೂ ತಾರತಮ್ಯ ಅನ್ನುತ್ತದೆ. ಸ್ಕಾಲರ್‌ಶಿಪ್ ಪಟ್ಟಿಯನ್ನು ಜಾತಿ ಸಮೇತ ಕ್ಲಾಸಿನಲ್ಲಿ ಓದುವ ಗುಮಾಸ್ತರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿರಬಹುದು. ಕೂತ ಮಗುವಿಗೆ ಆಗುವ ಅವಮಾನ ಅದರಿಂದ ಕಮ್ಮಿಯಾಗದು. ಲಿಫ್ಟ್, ರ‍್ಯಾಂಪ್ ಇಲ್ಲದೆ ಮೊದಲ ಮಹಡಿಯಲ್ಲಿ ಪರೀಕ್ಷೆ ಇಡುವುದನ್ನೂ ಉದಾಹರಣೆಯಾಗಿ ಸೇರಿಸಿ. ಪರಿಶಿಷ್ಟ ವಿದ್ಯಾರ್ಥಿಗೆ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರಿಗೂ ಹೋಗಬಹುದೆಂದು ಬರೆಯಿರಿ. "ಕಾಲೇಜಿನೊಳಗೇ ಮುಗಿಸಿಕೊಳ್ಳಿ" ಎಂಬ ಒತ್ತಡಕ್ಕೆ ಅವಕಾಶ ಕೊಡಬೇಡಿ.

ಉತ್ತರ: ರ‍್ಯಾಗಿಂಗ್‌ಗೆ 2009ರ ಯುಜಿಸಿ ನಿಯಮ ಬೇರೆಯೇ ಇದೆ, ಇದರಲ್ಲಿ ಬೆರೆಸಬೇಡಿ. ಸಹಾಯವಾಣಿ 1800-180-5522.

ಉತ್ತರ: ಲೈಂಗಿಕ ಕಿರುಕುಳದ ದೂರು ಕೊಡಲು ಘಟನೆಯಿಂದ ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು, ವಿಚಾರಣೆ 90 ದಿನದೊಳಗೆ. ಈ ದೂರುಗಳನ್ನು ಕೇಳುವ ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿ ಅಧ್ಯಕ್ಷೆ, ಹೊರಗಿನ ಸದಸ್ಯರೊಬ್ಬರು ಇರಲೇಬೇಕು, ಎಚ್‌ಓಡಿಗಳು (ವಿಭಾಗದ ಮುಖ್ಯಸ್ಥರು) ಕೂರುವಂತಿಲ್ಲ. ಎಷ್ಟೋ ಕಡೆ "ಸುಳ್ಳು ದೂರಿಗೆ ಶಿಕ್ಷೆ" ಅನ್ನುವುದೇ ಮೊದಲ ಪುಟದಲ್ಲಿರುತ್ತದೆ, ಓದಿದ ಮಕ್ಕಳು ಬಾಯಿ ಬಿಡುವುದಿಲ್ಲ. ಅದನ್ನು ಹಿಂದಕ್ಕೆ ಹಾಕಿ, "ಸಾಬೀತಾಗದ ಮಾತ್ರಕ್ಕೆ ದೂರು ಸುಳ್ಳಲ್ಲ" ಎಂಬ ಸಾಲನ್ನು ಜೊತೆಗೇ ಅಚ್ಚು ಹಾಕಿಸಿ.