ಸಹಾಯ ಬೇಕು: ಎಐ ಕೋಡಿಂಗ್ ಸಹಾಯಕಗಳ ಸೂಚನಾ ಕಡತಗಳನ್ನು ತಂಡದಲ್ಲಿ ಹಂಚಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಾವು ನಾಲ್ವರು ಸೇರಿ ಕಾಫಿ ತೋಟಗಳ ಲೆಕ್ಕಪತ್ರದ ತಂತ್ರಾಂಶವನ್ನು ಬರೆಯುತ್ತಿದ್ದೇವೆ. ಒಬ್ಬರು ಕ್ಲಾಡ್ ಕೋಡ್, ಇಬ್ಬರು ಕರ್ಸರ್, ನಾನು ಕೋಪೈಲಟ್ ಎಂಬ ಎಐ ಸಹಾಯಕ ಬಳಸುವುದರಿಂದ, ಅವಕ್ಕೆ ನಮ್ಮ ನಿಯಮಗಳನ್ನು ತಿಳಿಸುವ, ಒಂದೇ ಇರಬೇಕಾದ ಸೂಚನೆಗಳು ಕ್ಲಾಡ್ ಡಾಟ್ ಎಂಡಿ ಕಡತದಲ್ಲಿ, ಕರ್ಸರ್‌ನ ರೂಲ್ಸ್ ಫೋಲ್ಡರಿನಲ್ಲಿ ಮತ್ತು ಕೋಪೈಲಟ್‌ನ ಸೂಚನಾ ಕಡತದಲ್ಲಿ ಮೂರು ಬಗೆಯಾಗಿ ಬೆಳೆದು ನಿಂತಿವೆ.

ಪಾರ್ಚ್‌ಮೆಂಟ್ ಮತ್ತು ಚೆರಿ ಎಂಬ ಎರಡು ಬಗೆಯ ಕಾಫಿಯ ಧಾರಣೆ 50 ಕೆಜಿ ಚೀಲಕ್ಕೆ ಎಂಬ ಸಾಲು ಒಂದು ಕಡೆ ಮಾತ್ರ ಇದ್ದ ಕಾರಣ, ನನ್ನ ಸಹಾಯಕ ಅದನ್ನು ಕಿಲೋ ದರವೆಂದು ತಿಳಿದು ಕೋಡ್ ಬರೆಯಿತು. ಬಿಲ್ಲಿನ ಮೊತ್ತ 50 ಪಟ್ಟಾಯಿತು. ಪುಣ್ಯಕ್ಕೆ ಪರೀಕ್ಷೆಯಲ್ಲೇ ಸಿಕ್ಕಿಬಿತ್ತು.

ಏಜೆಂಟ್ಸ್ ಡಾಟ್ ಎಂಡಿ ಎಂಬ ಒಂದೇ ಮೂಲ ಕಡತವನ್ನಿಟ್ಟು ಉಳಿದವನ್ನು ಸಿಮ್‌ಲಿಂಕ್ (ಮೂಲ ಕಡತದತ್ತ ಬೊಟ್ಟು ಮಾಡುವ ಕೊಂಡಿ) ಮಾಡಿ ನೋಡಿದೆವು. ಆದರೆ ವಿಂಡೋಸ್ ಯಂತ್ರಗಳಲ್ಲಿ ಗಿಟ್ (ಕೋಡ್ ಹಂಚಿಕೊಳ್ಳಲು ನಾವು ಬಳಸುವ ತಂತ್ರಾಂಶ) ಆ ಲಿಂಕನ್ನು ಸಾಮಾನ್ಯ ಪಠ್ಯ ಕಡತವಾಗಿಯೇ ಇಳಿಸಿತು. ತೆರೆದರೆ ಒಳಗೆ ಮೂಲ ಕಡತದ ಹೆಸರೊಂದೇ ಸಾಲು! ಕ್ಲಾಡ್‌ನ ಕಡತದಲ್ಲಿ ಆ್ಯಟ್ (@) ಚಿಹ್ನೆಯ ನಂತರ ಮೂಲ ಕಡತದ ಹೆಸರು ಬರೆದು ಸೇರಿಸಿಕೊಳ್ಳುವ ವಿಧಾನ ಮಾತ್ರ ತೊಂದರೆಯಿಲ್ಲದೆ ನಡೆಯುತ್ತಿದೆ.

ಈ ಸೂಚನೆಗಳನ್ನು ನಮ್ಮ ಮೂರು ರೆಪೊಸಿಟರಿಗಳಿಗೂ (ಕೋಡ್ ಸಂಗ್ರಹಗಳಿಗೂ) ಹಂಚಲು, ಒಂದು ರೆಪೊಸಿಟರಿಯನ್ನು ಇನ್ನೊಂದರೊಳಗೆ ಕೂರಿಸುವ ಗಿಟ್ ಸಬ್‌ಮಾಡ್ಯೂಲ್ ಒಳ್ಳೆಯದೋ (ಅದರ ಸಹವಾಸ ನನಗಂತೂ ಅಷ್ಟಾಗಿ ಒಗ್ಗುವುದಿಲ್ಲ), ಇಲ್ಲವೇ ಮೂಲ ಕಡತದಿಂದ ಉಳಿದವನ್ನು ತಯಾರಿಸುವ ಚಿಕ್ಕ ಸ್ಕ್ರಿಪ್ಟ್ ಸಾಕೋ? ತಂಡದ ನಿಯಮಗಳನ್ನೂ ಅವರವರ ವೈಯಕ್ತಿಕ ಅಭ್ಯಾಸಗಳನ್ನೂ ನೀವು ಹೇಗೆ ಬೇರೆಯಾಗಿಡುತ್ತೀರಿ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.