ಅಪ್‌ಡೇಟ್: ಕೋಲ್ಡ್ ಏರ್ ಇನ್‌ಟೇಕ್ ಹಾಕಿದ ಮೇಲೆ ಪಿಕಪ್ ಎಳೀತಿಲ್ಲ

ಕೋಲ್ಡ್ ಏರ್ ಇನ್‌ಟೇಕ್ ಕಿಟ್ (ಹೊರಗಿನ ತಣ್ಣನೆ ಗಾಳಿ ಎಳೆಯೋ ಫಿಲ್ಟರ್, ಪೈಪು) ಹಾಕಿಸಿದ ಮೇಲೆ ಡೀಸೆಲ್ ಪಿಕಪ್ ಗಾಡಿ ಆಗುಂಬೆ ಘಾಟಿ ಹತ್ತುವಾಗ ಎಳೀತಿಲ್ಲ, ಚೆಕ್ ಎಂಜಿನ್ ಲೈಟ್ ಬರ್ತಿದೆ ಅಂತ ಕೇಳಿದ್ದೆನಲ್ಲ, ಸರಿಯಾಯ್ತು.

ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಪಿ0101, ಅಂದರೆ ಎಂಎಎಫ್ ಸೆನ್ಸರ್ (ಎಂಜಿನ್‌ಗೆ ಹೋಗೋ ಗಾಳಿ ಅಳೆಯೋದು) ರೀಡಿಂಗ್ ಹೊಂದುತ್ತಿಲ್ಲ. ಕಿಟ್‌ನ ಕಾಟನ್ ಫಿಲ್ಟರ್‌ಗೆ ಹಚ್ಚಿದ ಎಣ್ಣೆ ಜಾಸ್ತಿಯಾಗಿ ಸೆನ್ಸರ್‌ಗೆ ಅಂಟಿತ್ತು. ಜೊತೆಗೆ ಸೆನ್ಸರ್ ದಾಟಿದ ಮೇಲಿನ ಸಿಲಿಕೋನ್ ಹೋಸ್‌ನ ಕ್ಲ್ಯಾಂಪ್ ಓರೆಯಾಗಿ ಕೂತಿತ್ತು. ಸಂದು ಇದ್ದದ್ದು ಅಡಿಬದಿಗೆ, ಮೇಲಿಂದ ನೋಡಿದರೆ ಕಾಣೋದೇ ಇಲ್ಲ. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ, ಸೋಸದ ಧೂಳು ಎರಡೂ ಸೀದಾ ಟರ್ಬೊಗೆ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ).

ಬ್ಯಾಟರಿ ನೆಗೆಟಿವ್ ಬಿಚ್ಚಿ, ಸೆನ್ಸರ್‌ಗೆ ಎಂಎಎಫ್ ಕ್ಲೀನರ್ ಮಾತ್ರ ಹೊಡೀರಿ. ಕಾರ್ಬ್ ಕ್ಲೀನರ್ ಬೇಡ, ಬಟ್ಟೆ ಮುಟ್ಟಿಸಲೇಬೇಡಿ. ಪೂರ್ತಿ ಒಣಗಿದ ಮೇಲೆ, ಬಾಣದ ಗುರುತು ಎಂಜಿನ್ ಕಡೆಗೆ ಇರೋ ಹಾಗೆ ಕೂರಿಸಿ. ಸೆನ್ಸರ್ ಕೂರುವಲ್ಲಿ ಪೈಪಿನ ಒಳವ್ಯಾಸ ಒರಿಜಿನಲ್‌ನಷ್ಟೇ ಇರಬೇಕು. ದೊಡ್ಡದಾದರೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಗಾಳಿ ಕಡಿಮೆ ಅಂದುಕೊಳ್ಳುತ್ತೆ.

ಕಿಟ್‌ನಿಂದ ಪವರ್? ಇಸಿಯು ಟ್ಯೂನಿಂಗ್ ಇಲ್ಲದೆ ಸದ್ದು ಬಿಟ್ಟರೆ ಹೆಚ್ಚೇನೂ ಬರಲ್ಲ.

ನಮ್ಮ ಕಡೆ ಮಳೆಗೆ ಬಂಪರ್ ಹಿಂದೆ, ಕೆಳಗೆ ಫಿಲ್ಟರ್ ಇಡೋದು ಅಪಾಯ. ಹಳ್ಳದ ನೀರು ಸಿಲಿಂಡರ್‌ಗೆ ಹೋದರೆ ಪಿಸ್ಟನ್‌ನ ಕನೆಕ್ಟಿಂಗ್ ರಾಡೇ ಬಾಗುತ್ತೆ. ಹಳೇ ಏರ್‌ಬಾಕ್ಸ್ (ಕಂಪನಿ ಫಿಲ್ಟರ್ ಡಬ್ಬ) ಜಾಗದಲ್ಲೇ, ಮೇಲೆ, ಹೀಟ್ ಶೀಲ್ಡ್ ಹಾಕಿ ಕೂರಿಸಿ. ಒರಿಜಿನಲ್ ಬಾಕ್ಸ್ ಎಸೀಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ವಾಸಿ.